ನೆಟ್ಟಗೆ ನಿಲ್ಲಿಸಿದ ಕಡ್ಡಿ ನಾಲ್ಕೇ ತಿಂಗಳಿಗೆ ಸುಳ್ಳು ಹೇಳುತ್ತಿದೆ: ಸೂರ್ಯ ಗಡಿಯಾರದ ಲೆಕ್ಕ ಹೇಳಿಕೊಡಿ

#1 ಗೂಟಗಾರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದಲು ಶುರು ಮಾಡಿ ವರ್ಷವಾಯಿತು. ಬರೆಯುತ್ತಿರುವುದು ಇದೇ ಮೊದಲು.

ಜೂನ್ ಕೊನೆಯಲ್ಲಿ ತಾರಸಿ ಮೇಲೆ ಒಂದು ಹಲಗೆ ಇಟ್ಟೆ. ಅದರ ನಡುವೆ 10 ಸೆಂಟಿಮೀಟರ್ ಉದ್ದದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದೆ. ಗಂಟೆಗೊಮ್ಮೆ ಮೊಬೈಲ್ ನೋಡಿ, ನೆರಳು ಬಿದ್ದ ಕಡೆಗೆ ಗೆರೆ ಎಳೆದು ಅಂಕಿ ಬರೆದೆ. ಒಂದು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಮರೆತುಬಿಟ್ಟೆ. ಈಗ ನವೆಂಬರ್ ಶುರುವಿನಲ್ಲಿ ಹೋಗಿ ನೋಡಿದರೆ ಎಲ್ಲಾ ಹಾಳಾಗಿದೆ. ಹತ್ತು ಗಂಟೆಯ ನೆರಳು ಹತ್ತರ ಗೆರೆಯಿಂದ ಸುಮಾರು 60 ಡಿಗ್ರಿ ಆಚೆ ಬೀಳುತ್ತಿದೆ. ಜೂನ್‌ನಲ್ಲಿ ಮಧ್ಯಾಹ್ನದ ಪುಟ್ಟ ನೆರಳು ದಕ್ಷಿಣದ ಕಡೆಗಿತ್ತು, ಈಗ ಉತ್ತರಕ್ಕೆ ಉದ್ದವಾಗಿ ಮಲಗಿದೆ. ಹಲಗೆಯನ್ನು ಯಾರೂ ಮುಟ್ಟಿಲ್ಲ, ಅದು ಖಂಡಿತ.

ವರ್ಷದ ಯಾವ ದಿನ, ಯಾವ ಗಂಟೆಗೆ ಸೂರ್ಯ ಎಲ್ಲಿರುತ್ತಾನೆ ಅಂತ ಲೆಕ್ಕ ಹಾಕಿ ಗೆರೆ ಎಳೆದರೆ ಸರಿಹೋಗುತ್ತಾ? ನನ್ನ ಜಾಗ 15 ಡಿಗ್ರಿ ಉತ್ತರ ಅಕ್ಷಾಂಶ. ನಮ್ಮ ಗಡಿಯಾರದ ಸಮಯ ಯಾವ ರೇಖಾಂಶದ್ದೋ ಅದಕ್ಕಿಂತ 6 ಡಿಗ್ರಿ ಪಶ್ಚಿಮಕ್ಕಿದ್ದೇನೆ. ಸೈನ್, ಕಾಸ್ ಎಲ್ಲಾ ಓದಿದ್ದು ಶಾಲೆಯಲ್ಲಿ. ಸ್ವಲ್ಪ ನಿಧಾನಕ್ಕೆ ಹೇಳಿ.

#2 ಟ್ಯಾನ್_ಇನ್ವರ್ಸ್

ಲೆಕ್ಕ ಕಷ್ಟವೇನಲ್ಲ. ಮೂರೇ ಸಂಖ್ಯೆ ಬೇಕು: ನಿಮ್ಮ ಅಕ್ಷಾಂಶ, ಆ ದಿನದ ಕ್ರಾಂತಿ, ಆ ಹೊತ್ತಿನ ಗಂಟೆ ಕೋನ. ಕ್ರಾಂತಿ ಅಂದರೆ ಸೂರ್ಯ ಆಕಾಶದ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ಸರಿದಿದ್ದಾನೆ ಅನ್ನುವುದು. ಡಿಸೆಂಬರ್‌ನಲ್ಲಿ −23.44, ಜೂನ್‌ನಲ್ಲಿ +23.44. ಗಂಟೆ ಕೋನ ಅಂದರೆ ನಡುಹಗಲಿಗೆ ಸೊನ್ನೆ, ಆಚೆ ಈಚೆ ಗಂಟೆಗೆ 15 ಡಿಗ್ರಿ. ಬೆಳಗ್ಗೆ ಮೈನಸ್, ಮಧ್ಯಾಹ್ನದ ಮೇಲೆ ಪ್ಲಸ್. ಕೆಳಗೆ ಎತ್ತರ ಅಂದರೆ ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದಾನೆ ಅನ್ನುವುದು.

ಸೈನ್(ಎತ್ತರ) = ಸೈನ್(ಅಕ್ಷಾಂಶ) × ಸೈನ್(ಕ್ರಾಂತಿ) + ಕಾಸ್(ಅಕ್ಷಾಂಶ) × ಕಾಸ್(ಕ್ರಾಂತಿ) × ಕಾಸ್(ಗಂಟೆ ಕೋನ)

ಕಾಸ್(ದಿಕ್ಕು) = (ಸೈನ್(ಕ್ರಾಂತಿ) − ಸೈನ್(ಅಕ್ಷಾಂಶ) × ಸೈನ್(ಎತ್ತರ)) ÷ (ಕಾಸ್(ಅಕ್ಷಾಂಶ) × ಕಾಸ್(ಎತ್ತರ))

ದಿಕ್ಕನ್ನು ಉತ್ತರದಿಂದ ಪೂರ್ವಕ್ಕೆ ಅಳೆಯಬೇಕು. ಮಧ್ಯಾಹ್ನದ ಮೇಲಾದರೆ ಬಂದ ಉತ್ತರವನ್ನು 360ರಿಂದ ಕಳೆಯಿರಿ. ನೆರಳು ಅದರ ಎದುರು ದಿಕ್ಕಿಗೆ ಬೀಳುತ್ತದೆ. ಕಡ್ಡಿಯ ಉದ್ದವನ್ನು ಟ್ಯಾನ್(ಎತ್ತರ)ದಿಂದ ಭಾಗಿಸಿದರೆ ನೆರಳಿನ ಉದ್ದ.

ಕೆಲವು ಕಡೆ ದಿಕ್ಕಿಗೆ ಸೈನ್ ಸೂತ್ರ ಕೊಟ್ಟಿರುತ್ತಾರೆ. ನಿಮ್ಮ ಅಕ್ಷಾಂಶಕ್ಕೆ ಅದನ್ನು ನಂಬಬೇಡಿ. ಜೂನ್ 21ರ ಬೆಳಗಿನ 10ಕ್ಕೆ ಅದು 68.7 ಅಂತಲೂ ಹೇಳಬಹುದು, 111.3 ಅಂತಲೂ ಹೇಳಬಹುದು. ಎರಡಕ್ಕೂ ಸೈನ್ ಒಂದೇ. ನಿಜವಾದ ಉತ್ತರ 68.7, ಸೂರ್ಯ ಪೂರ್ವಕ್ಕಿಂತ ಉತ್ತರಕ್ಕೇ ಇರುತ್ತಾನೆ.

#3 ಜಾಮಿಟ್ರಿ ಬಾಕ್ಸ್

ಟ್ಯಾನ್ ಅವರ ಸೂತ್ರ ಸರಿಯಾಗಿದೆ. ಆದರೆ ಗೂಟಗಾರರೇ, ಒಂದು ನಿಮಿಷ ನಿಲ್ಲಿ. ಅದನ್ನು ಬಳಸಿ ನೀವು ಏನು ಮಾಡುತ್ತೀರಿ? ನಾನೇ ಎರಡು ದಿನಕ್ಕೆ ಹಾಕಿ ನೋಡಿದೆ. ಸೂರ್ಯನ ಲೆಕ್ಕದ ಬೆಳಗಿನ 10 ಗಂಟೆಗೆ ನಿಮ್ಮ ನೆಟ್ಟಗಿನ ಕಡ್ಡಿಯ ನೆರಳು ಜೂನ್ 21ಕ್ಕೆ 248.7 ಡಿಗ್ರಿಗೆ ಬೀಳುತ್ತದೆ. ಡಿಸೆಂಬರ್ 21ಕ್ಕೆ 322.1. ಅಂದರೆ ಒಂದೇ ಹತ್ತು ಗಂಟೆ 73 ಡಿಗ್ರಿ ಅಗಲಕ್ಕೆ ಹರಡಿಕೊಂಡಿದೆ. ನಡುಹಗಲಿಗೆ ಜೂನ್‌ನಲ್ಲಿ ಒಂದೂವರೆ ಸೆಂಟಿಮೀಟರ್ ನೆರಳು ದಕ್ಷಿಣಕ್ಕೆ, ಡಿಸೆಂಬರ್‌ನಲ್ಲಿ ಸುಮಾರು 8 ಸೆಂಟಿಮೀಟರ್ ಉತ್ತರಕ್ಕೆ. ಮೇ 1ರ ಹೊತ್ತಿಗೆ ಮತ್ತು ಆಗಸ್ಟ್ 12ರ ಹೊತ್ತಿಗೆ ಸೂರ್ಯ ನೆತ್ತಿಗೇ ಬರುತ್ತಾನೆ, ಕಡ್ಡಿಗೆ ನೆರಳೇ ಇರುವುದಿಲ್ಲ.

ಲೆಕ್ಕ ಎಷ್ಟೇ ಸರಿ ಹಾಕಿದರೂ ನಿಮ್ಮ ಹಲಗೆಯ ತುಂಬಾ ದಿನಕ್ಕೊಂದು ಗೆರೆಯ ಜಾಲ ಬರುತ್ತದೆ ಅಷ್ಟೇ. ತಪ್ಪಿರುವುದು ಲೆಕ್ಕವಲ್ಲ, ಕಡ್ಡಿ. ಅದನ್ನು ಓರೆ ಮಾಡಿ.

#4 ಗೂಟಗಾರ

ಓರೆ ಅಂದರೆ ಎಷ್ಟು, ಯಾವ ಕಡೆಗೆ? ಓರೆ ಮಾಡಿದ ತಕ್ಷಣ ಸೂರ್ಯ ಉತ್ತರ ದಕ್ಷಿಣ ಓಡಾಡುವುದನ್ನು ನಿಲ್ಲಿಸುತ್ತಾನಾ?

#5 ಜಾಮಿಟ್ರಿ ಬಾಕ್ಸ್

ಅವನು ನಿಲ್ಲಿಸುವುದಿಲ್ಲ. ನಮಗೆ ಅದು ಕಾಣದ ಹಾಗೆ ಮಾಡಬಹುದು.

ತಿರುಗುವುದು ಭೂಮಿ, ಅದರ ಅಚ್ಚು ಉತ್ತರ ಧ್ರುವದ ಕಡೆ ಇದೆ. ನಿಮ್ಮ ಕಡ್ಡಿಯನ್ನು ಆ ಅಚ್ಚಿಗೆ ಸಮಾನಾಂತರವಾಗಿ ಇಟ್ಟಿರಿ ಅಂದುಕೊಳ್ಳಿ. ಅಂದರೆ ಕಡ್ಡಿ ಉತ್ತರಕ್ಕೆ ಮುಖ ಮಾಡಿ, ನೆಲದಿಂದ ನಿಮ್ಮ ಅಕ್ಷಾಂಶದಷ್ಟೇ, 15 ಡಿಗ್ರಿ ಏರಿರಬೇಕು. ಆಗ ಸೂರ್ಯ ಆ ಕಡ್ಡಿಯ ಸುತ್ತ ಗಂಟೆಗೆ 15 ಡಿಗ್ರಿಯಂತೆ ಸುತ್ತುತ್ತಾನೆ. ಕ್ರಾಂತಿ ಬದಲಾದರೆ ಸೂರ್ಯ ಕಡ್ಡಿಯ ಉದ್ದಕ್ಕೆ ಆಚೆ ಈಚೆ ಜಾರುತ್ತಾನೆ. ನೆರಳೂ ಕಡ್ಡಿಯ ಉದ್ದಕ್ಕೇ ಜಾರುತ್ತದೆ. ಗೆರೆಯ ಮೇಲಿನ ನೆರಳು ಅದೇ ಗೆರೆಯ ಮೇಲೆ ಜಾರಿದರೆ ಯಾರಿಗೆ ಗೊತ್ತಾಗುತ್ತದೆ? ಗಂಟೆ ಅದೇ ಇರುತ್ತದೆ.

ಹಾಗಾಗಿ ಗಂಟೆ ಗೆರೆಗೆ ಕ್ರಾಂತಿಯ ಲೆಕ್ಕವೇ ಬೇಡ. ಮಟ್ಟಸ ಹಲಗೆಗೆ ಸೂತ್ರ ಇಷ್ಟೇ:

ಟ್ಯಾನ್(ಗೆರೆಯ ಕೋನ) = ಸೈನ್(ಅಕ್ಷಾಂಶ) × ಟ್ಯಾನ್(ಗಂಟೆ ಕೋನ)

ನಿಮಗೆ ಸೈನ್ 15 = 0.2588. ನಡುಹಗಲ ಗೆರೆಯಿಂದ 1 ಗಂಟೆಯ ಗೆರೆ 3.97 ಡಿಗ್ರಿ, 2ರದ್ದು 8.5, 3ರದ್ದು 14.5, 4ರದ್ದು 24.1, 5ರದ್ದು 44, 6ರದ್ದು 90. ಬೆಳಗಿನ ಗೆರೆಗಳು ಆಚೆ ಬದಿಗೆ ಇದೇ ಅಳತೆಯಲ್ಲಿ.

#6 ಆರುಮೂಲೆ ಬೋಲ್ಟ್

ಬಾಕ್ಸ್ ಸಾರ್, ಸೂತ್ರ ಸರಿ, ಆದರೆ ಈ ಮನುಷ್ಯನಿಗೆ ಮಟ್ಟಸ ಹಲಗೆ ಹೇಳಬೇಡಿ. ನಿಮ್ಮ ಅಂಕಿಗಳನ್ನೇ ಇನ್ನೊಂದು ಸಲ ನೋಡಿ. 5ರಿಂದ 6ಕ್ಕೆ 46 ಡಿಗ್ರಿ. 12ರಿಂದ 1ಕ್ಕೆ ಬರೀ 4 ಡಿಗ್ರಿ. 20 ಸೆಂಟಿಮೀಟರ್ ತ್ರಿಜ್ಯದ ತಟ್ಟೆಯಲ್ಲೂ 12ಕ್ಕೂ 1ಕ್ಕೂ ನಡುವೆ ಸಿಗುವುದು 1.4 ಸೆಂಟಿಮೀಟರ್. ಒಂದು ಮಿಲಿಮೀಟರ್ ತಪ್ಪಿದರೆ ನಾಲ್ಕು ನಿಮಿಷ ಹೋಯಿತು. ನನ್ನ ಪೆನ್ಸಿಲ್ ಗೆರೆಯೇ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ.

ಸಮಭಾಜಕಕ್ಕೆ ಹತ್ತಿರ ಇರುವವರಿಗೆಲ್ಲಾ ಇದೇ ಗೋಳು. ಚಿತ್ರದಲ್ಲಿ ಕಾಣುವ ಚಂದದ ತ್ರಿಕೋನದ ಗಡಿಯಾರಗಳು 40, 50 ಡಿಗ್ರಿ ಅಕ್ಷಾಂಶದವರವು. ಅವರಿಗೆ ಗೆರೆಗಳು ಹದವಾಗಿ ಹರಡಿಕೊಳ್ಳುತ್ತವೆ. ಇನ್ನೊಂದು ವಿಷಯ, ಅಂಥ ತ್ರಿಕೋನಕ್ಕೆ ದಪ್ಪ ಇರುತ್ತದೆ. ಬೆಳಗ್ಗೆ ಒಂದು ಅಂಚು ನೆರಳು ಹಾಕುತ್ತದೆ, ಮಧ್ಯಾಹ್ನದ ಮೇಲೆ ಇನ್ನೊಂದು ಅಂಚು. 12ರ ಹತ್ತಿರ ಆ ದಪ್ಪದಷ್ಟೇ ಜಾಗ ಬಿಟ್ಟು ತಟ್ಟೆಯನ್ನು ಎರಡು ಭಾಗ ಮಾಡಬೇಕು. ಮರೆತರೆ ಗಡಿಯಾರ ಅಲ್ಲೇ ಎಡವುತ್ತದೆ. ನಾನು ಮರೆತಿದ್ದೇನೆ, ಅದಕ್ಕೇ ಹೇಳುತ್ತಿರುವುದು.

ನಾನು ಹೇಳುವುದು ಅರ್ಧ ಪೈಪ್. 20 ಸೆಂಟಿಮೀಟರ್ ಒಳ ವ್ಯಾಸದ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ. ಬಾಯಿ ಮೇಲೆ ಮಾಡಿ ಉತ್ತರ ದಕ್ಷಿಣಕ್ಕೆ ಮಲಗಿಸಿ, ಉತ್ತರದ ತುದಿಯನ್ನು 15 ಡಿಗ್ರಿ ಎತ್ತಿ. ಎರಡು ತುದಿಗೂ ಮುಚ್ಚಳ ಹಾಕಿ, ಸರಿಯಾಗಿ ನಟ್ಟನಡುವೆ ಒಂದು ತಂತಿ ಬಿಗಿಯಿರಿ. ಅದೇ ನಿಮ್ಮ ಕಡ್ಡಿ. ತಂತಿಯಿಂದ ಗೋಡೆಗೆ ಎಲ್ಲಾ ಕಡೆ 10 ಸೆಂಟಿಮೀಟರ್. ನೆರಳು ಗಂಟೆಗೆ 15 ಡಿಗ್ರಿ ಸರಿದರೆ ಗೋಡೆ ಮೇಲೆ 2.62 ಸೆಂಟಿಮೀಟರ್. ಬೆಳಗ್ಗೆ 7ಕ್ಕೂ ಅಷ್ಟೇ, ಮಧ್ಯಾಹ್ನ 12ಕ್ಕೂ ಅಷ್ಟೇ. ಟ್ಯಾನ್ ಇಲ್ಲ, ಸೈನ್ ಇಲ್ಲ. ಸ್ಕೇಲ್ ಇಟ್ಟು ಸಮವಾಗಿ ಗೆರೆ ಎಳೆದ ಕಾಗದದ ಪಟ್ಟಿ ಅಂಟಿಸಿದರೆ ಮುಗಿಯಿತು. ಸೂರ್ಯ ಪೂರ್ವಕ್ಕಿದ್ದಾಗ ನೆರಳು ಪಶ್ಚಿಮದ ಗೋಡೆಗೆ ಬೀಳುತ್ತದೆ, ಹಾಗಾಗಿ ಬೆಳಗಿನ ಅಂಕಿಗಳು ಪಶ್ಚಿಮಕ್ಕೆ.

#7 ಜಾಮಿಟ್ರಿ ಬಾಕ್ಸ್

ಒಪ್ಪಿದೆ. ನಾನು ಅಭ್ಯಾಸಬಲದಿಂದ ಮಟ್ಟಸ ಹಲಗೆ ಹೇಳಿಬಿಟ್ಟೆ. 15 ಡಿಗ್ರಿಗೆ ಅರ್ಧ ಪೈಪೇ ಸರಿ.

#8 ಸುಮ್ನೆ ನೋಡ್ತಿರೋಳು

ನನ್ನದೊಂದು ಪೆದ್ದು ಪ್ರಶ್ನೆ. ಗೂಟಗಾರರು ಇದನ್ನೆಲ್ಲಾ ಮಾಡಿದ ಮೇಲೆ ಮೊಬೈಲ್ ಸಮಯಕ್ಕೆ ಹೊಂದುತ್ತದಾ? ನಾನು ಒಂದು ಉದ್ಯಾನದಲ್ಲಿ ನೋಡಿದ ಸೂರ್ಯ ಗಡಿಯಾರ ಅರ್ಧ ಗಂಟೆಗೂ ಜಾಸ್ತಿ ಹಿಂದಿತ್ತು. ಕೆಟ್ಟಿದೆ ಅಂದುಕೊಂಡು ಬಂದೆ.

#9 ಟ್ಯಾನ್_ಇನ್ವರ್ಸ್

ಪೆದ್ದು ಪ್ರಶ್ನೆ ಅಲ್ಲ, ಅದೇ ಮುಖ್ಯ ಪ್ರಶ್ನೆ. ಎರಡು ಕಾರಣ.

ಒಂದು, ರೇಖಾಂಶ. ಡಿಗ್ರಿಗೆ 4 ನಿಮಿಷ. ಗೂಟಗಾರರು 6 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅವರ ಸೂರ್ಯ ವರ್ಷವಿಡೀ 24 ನಿಮಿಷ ತಡ.

ಎರಡು, ಕಾಲ ಸಮೀಕರಣ, ಅಂದರೆ ಸೂರ್ಯನ ಹೊತ್ತಿಗೂ ಗಡಿಯಾರದ ಸರಾಸರಿ ಹೊತ್ತಿಗೂ ಇರುವ ವ್ಯತ್ಯಾಸ. ಸೂರ್ಯನ ದಿನ ಎಲ್ಲಾ ಕಾಲಕ್ಕೂ ಒಂದೇ ಉದ್ದ ಇರುವುದಿಲ್ಲ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲ, ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಗೆ ಹತ್ತಿರ ಇದ್ದು ವೇಗವಾಗಿ ಓಡುತ್ತೇವೆ. ಅದರ ಮೇಲೆ ಭೂಮಿ ಓರೆಯಾಗಿದೆ. ಎರಡೂ ಸೇರಿ ಸೂರ್ಯ ಫೆಬ್ರವರಿ 11ರ ಸುಮಾರಿಗೆ 14 ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ 3ರ ಸುಮಾರಿಗೆ 16 ನಿಮಿಷಕ್ಕೂ ಜಾಸ್ತಿ ಮುಂದೆ ಓಡುತ್ತಾನೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ವ್ಯತ್ಯಾಸ ಸೊನ್ನೆ.

ಲೆಕ್ಕ ಹೀಗೆ. ಇದರಲ್ಲಿ ಬರುವ ರೇಖಾಂಶ ಊರಿನದಲ್ಲ, ಆಕಾಶದಲ್ಲಿ ಸೂರ್ಯನ ದಾರಿಯ ಉದ್ದಕ್ಕೆ ಅವನ ಜಾಗ. 2000ದ ಜನವರಿ 1ರ ನಡುಹಗಲಿನಿಂದ (ಗ್ರೀನಿಚ್ ಸಮಯ) ಎಷ್ಟು ದಿನ ಆಯಿತು ಎಣಿಸಿ. 2025ರ ನವೆಂಬರ್ 3ರ ನಡುಹಗಲಿಗೆ 9438.

ಸರಾಸರಿ ರೇಖಾಂಶ = 280.460 + 0.9856474 × ದಿನ. ಇಲ್ಲಿ 360ರ ಸುತ್ತುಗಳನ್ನು ಕಳೆದರೆ 223.000.
ಕಕ್ಷೆಯ ಕೋನ = 357.528 + 0.9856003 × ದಿನ. ಇಲ್ಲಿ 299.624.
ನಿಜ ರೇಖಾಂಶ = ಸರಾಸರಿ + 1.915 × ಸೈನ್(ಕಕ್ಷೆಯ ಕೋನ) + 0.020 × ಸೈನ್(ಅದರ ಎರಡರಷ್ಟು). ಇಲ್ಲಿ 221.318.
ಸೈನ್(ಕ್ರಾಂತಿ) = ಸೈನ್(23.435) × ಸೈನ್(ನಿಜ ರೇಖಾಂಶ). ಕ್ರಾಂತಿ −15.22.
ಟ್ಯಾನ್(ವಿಷುವಾಂಶ) = ಕಾಸ್(23.435) × ಟ್ಯಾನ್(ನಿಜ ರೇಖಾಂಶ). ವಿಷುವಾಂಶ ಅಂದರೆ ಸೂರ್ಯನ ಜಾಗವನ್ನು ಆಕಾಶದ ಸಮಭಾಜಕದ ಉದ್ದಕ್ಕೆ ಅಳೆದ ಕೋನ.
ಕಾಲ ಸಮೀಕರಣ = 4 × (ಸರಾಸರಿ ರೇಖಾಂಶ − ವಿಷುವಾಂಶ) ನಿಮಿಷ.

1950ರಿಂದ 2050ರ ತನಕ ಈ ವಿಧಾನದಲ್ಲಿ ಸೂರ್ಯನ ಜಾಗ ಡಿಗ್ರಿಯ ನೂರನೇ ಒಂದು ಭಾಗದ ತನಕ ಸರಿ ಬರುತ್ತದೆ. ಪೈಪಿಗೆ ಅಷ್ಟು ಬೇಕಾಗಿಯೇ ಇಲ್ಲ. ಕಾಲ ಸಮೀಕರಣದ ಉತ್ತರ ಬೇಕೆಂದೇ ಬಿಟ್ಟಿದ್ದೇನೆ, ಗೂಟಗಾರರೇ ಹಾಕಲಿ.

#10 ಗೂಟಗಾರ

ಹಾಕಿದೆ. ಎಕ್ಸೆಲ್‌ನಲ್ಲಿ ಮೊದಲು ಬಂದಿದ್ದು ಅರ್ಥವೇ ಇಲ್ಲದ ಅಂಕಿ. ಅದು ಡಿಗ್ರಿ ಅಲ್ಲ, ರೇಡಿಯನ್ ಕೇಳುತ್ತದೆ ಅಂತ ಅರ್ಧ ಗಂಟೆ ಆದಮೇಲೆ ಹೊಳೆಯಿತು. ಸರಿಮಾಡಿದೆ. ಈಗ ಕಾಲ ಸಮೀಕರಣ 736 ನಿಮಿಷ ಬರುತ್ತಿದೆ. ಹನ್ನೆರಡು ಗಂಟೆ ಹದಿನಾರು ನಿಮಿಷ. ಸೂರ್ಯ ಇಷ್ಟು ಮುಂದೆ ಓಡಿದ್ದರೆ ಈಗ ರಾತ್ರಿ ಆಗಿರಬೇಕಿತ್ತು!

#11 ಟ್ಯಾನ್_ಇನ್ವರ್ಸ್

ಇದಕ್ಕೇ ಉತ್ತರ ಬಿಟ್ಟಿದ್ದೆ, ಕ್ಷಮಿಸಿ. ನಿಮ್ಮ ವಿಷುವಾಂಶ 38.889 ಬಂದಿರಬೇಕು, ಅಲ್ವಾ? 38.889ಕ್ಕೂ 218.889ಕ್ಕೂ ಟ್ಯಾನ್ ಒಂದೇ. ಸುಮ್ನೆ ಟ್ಯಾನ್ ತಿರುಗಿಸಿದರೆ ಕಂಪ್ಯೂಟರ್ ಚಿಕ್ಕದನ್ನೇ ಕೊಡುತ್ತದೆ. ವಿಷುವಾಂಶ ಯಾವಾಗಲೂ ನಿಜ ರೇಖಾಂಶದ ಪಕ್ಕದಲ್ಲೇ ಇರಬೇಕು. 221ರ ಪಕ್ಕದ್ದು 218.889. ಈಗ 223.000ರಿಂದ ಕಳೆದು 4ರಿಂದ ಗುಣಿಸಿ: 16.4 ನಿಮಿಷ.

ಕೈಯಲ್ಲಿ 180 ಸೇರಿಸುವ ಬದಲು ಎಟ್ಯಾನ್2 ಬಳಸಿ, ಎರಡು ಅಳತೆ ತೆಗೆದುಕೊಂಡು ಸರಿಯಾದ ಕೋನವನ್ನೇ ಕೊಡುವ ಫಂಕ್ಷನ್ ಅದು. ಎಕ್ಸೆಲ್‌ನ ಎಟ್ಯಾನ್2 ಮೊದಲು ಅಡ್ಡ ಅಳತೆ, ಆಮೇಲೆ ಲಂಬ ಅಳತೆ ಕೇಳುತ್ತದೆ. ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದು ಉಲ್ಟಾ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿ ಸಂಜೆಯೆಲ್ಲಾ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಈಗ ನೋಡ್ತಿರೋಳು ಅವರ ಪ್ರಶ್ನೆ. ಗೂಟಗಾರರಲ್ಲಿ ನವೆಂಬರ್ 3ಕ್ಕೆ −24 + 16.4, ಅಂದರೆ ನೆರಳು ಮೊಬೈಲಿಗಿಂತ 7.6 ನಿಮಿಷ ಹಿಂದೆ. ಫೆಬ್ರವರಿ 11ಕ್ಕೆ −24 − 14.2, 38 ನಿಮಿಷ ಹಿಂದೆ. ನೀವು ನೋಡಿದ ಗಡಿಯಾರ ಕೆಟ್ಟಿರಲಿಕ್ಕಿಲ್ಲ.

#12 ಹಳೇ ಶಂಕು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದು. ಸೂರ್ಯ ಗಡಿಯಾರಕ್ಕೆ ತಿದ್ದುಪಡಿ ಯಾಕೆ ಬೇಕು? ಅದು ಹೇಳುವುದು ನಿಮ್ಮ ತಾರಸಿಯ ನಿಜವಾದ ಹೊತ್ತು. ನಡುಹಗಲು ಅಂದರೆ ನಿಮ್ಮ ನೆತ್ತಿಯ ಗೆರೆಯನ್ನು ಸೂರ್ಯ ದಾಟುವ ಕ್ಷಣ. ಅದನ್ನು 6 ಡಿಗ್ರಿ ದೂರದ ಇನ್ಯಾವುದೋ ರೇಖೆಯ ಸರಾಸರಿ ಸಮಯಕ್ಕೆ ಹೊಂದಿಸಿದರೆ, ಮೊಬೈಲನ್ನೇ ಕಷ್ಟಪಟ್ಟು ಇನ್ನೊಂದು ಸಲ ಮಾಡಿದಂತೆ.

#13 ಆರುಮೂಲೆ ಬೋಲ್ಟ್

ಶಂಕು ಸಾರ್, ಮನೆಗೆ ಬಂದವರು ಮೊದಲು ಮಾಡುವ ಕೆಲಸವೇ ಮೊಬೈಲ್ ತೆಗೆದು ಹೋಲಿಸುವುದು. 38 ನಿಮಿಷ ಹಿಂದಿದ್ದರೆ "ಪಾಪ, ಕಷ್ಟಪಟ್ಟು ಮಾಡಿದ್ದಾರೆ" ಅಂತ ಮುಖ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಭೂಮಿಯ ಕಕ್ಷೆ ವಿವರಿಸಲು ನನ್ನ ಕೈಲಾಗದು.

ಅರ್ಧ ಪೈಪಿನಲ್ಲಿ ಇದಕ್ಕೂ ದಾರಿ ಇದೆ. ಪಟ್ಟಿಯನ್ನು ಅಂಟಿಸಬೇಡಿ, ಜಾರುವ ಹಾಗೆ ಇಡಿ. ಒಂದು ನಿಮಿಷಕ್ಕೆ 0.44 ಮಿಲಿಮೀಟರ್. ರೇಖಾಂಶದ 24 ನಿಮಿಷಕ್ಕೆ ಪಟ್ಟಿಯನ್ನು ಪಶ್ಚಿಮಕ್ಕೆ 10.5 ಮಿಲಿಮೀಟರ್ ಸರಿಸಿ. ಅದರಿಂದ ನವೆಂಬರ್ 3ಕ್ಕೆ 7.2 ವಾಪಸ್, ಫೆಬ್ರವರಿ 11ಕ್ಕೆ 6.2 ಇನ್ನೂ ಮುಂದೆ. ವಾರಕ್ಕೊಮ್ಮೆ ಬೆರಳಲ್ಲಿ ತಳ್ಳಿದರೆ ಸಾಕು. ಅಂಚಿನಲ್ಲಿ ತಾರೀಕಿನ ಗುರುತು ಹಾಕಿಕೊಳ್ಳಿ. ಶಂಕು ಸಾರ್ ಬಂದ ದಿನ ಪಟ್ಟಿಯನ್ನು ಸೊನ್ನೆಗೆ ತಂದು ಇಟ್ಟರಾಯಿತು.

#14 ಹಳೇ ಶಂಕು

ಈ ಏರ್ಪಾಡಿಗೆ ನನ್ನ ತಕರಾರಿಲ್ಲ. ನಕ್ಕುಬಿಟ್ಟೆ.

#15 ಒಂದೇ ಸಾಲು

ಇದಕ್ಕೆಲ್ಲಾ ಆಪ್ ಇದೆ, ಸೂರ್ಯನ ದಿಕ್ಕು ಎತ್ತರ ಎಲ್ಲಾ ಅದೇ ತೋರಿಸುತ್ತೆ.

#16 ಗೂಟಗಾರ

ಇದೆ ಅಣ್ಣಾ, ಸಮಯವನ್ನೂ ಅದೇ ತೋರಿಸುತ್ತೆ.

ಪೈಪ್ ಸೀಳಿಸಿದ್ದೇನೆ, ತಂತಿ ಕಟ್ಟಿದ್ದೇನೆ. ಈಗ ಉತ್ತರ ದಿಕ್ಕಿನ ತಲೆನೋವು. ಮೊಬೈಲಿನ ದಿಕ್ಸೂಚಿ ತಾರಸಿಯ ಒಂದು ಮೂಲೆಯಲ್ಲಿ ಒಂದು ಉತ್ತರ ತೋರಿಸುತ್ತದೆ, ಎರಡು ಹೆಜ್ಜೆ ಆಚೆಗೆ 9 ಡಿಗ್ರಿ ಬೇರೆ ಉತ್ತರ.

#17 ಜಾಮಿಟ್ರಿ ಬಾಕ್ಸ್

ಕಾಂಕ್ರೀಟಿನೊಳಗೆ ಕಬ್ಬಿಣ ಇದೆಯಲ್ಲ. ಅದಿಲ್ಲದಿದ್ದರೂ ಸೂಜಿ ತೋರಿಸುವುದು ಕಾಂತದ ಉತ್ತರ, ನಮಗೆ ಬೇಕಿರುವುದು ಅಚ್ಚಿನ ಉತ್ತರ. ನಿಮ್ಮ ಅಕ್ಷಾಂಶದಲ್ಲಿ ಪೈಪ್ ಒಂದು ಡಿಗ್ರಿ ತಿರುಗಿದ್ದರೆ ಡಿಸೆಂಬರ್ ನಡುಹಗಲಿಗೆ ಸುಮಾರು 2.7 ನಿಮಿಷ ತಪ್ಪು. 9 ಡಿಗ್ರಿ ಅಂದರೆ ನೀವೇ ಗುಣಿಸಿ.

ಸೂರ್ಯನನ್ನೇ ಕೇಳಿ. ಒಂದು ತೂಗುಗುಂಡು ಇಳಿಬಿಡಿ. ನವೆಂಬರ್ 3ರ ಲೆಕ್ಕದಲ್ಲಿ ನಿಮ್ಮ ನಡುಹಗಲು 12:00 + 24 − 16.4, ಅಂದರೆ ಗಡಿಯಾರದ 12:07:36. ಆ ಕ್ಷಣದಲ್ಲಿ ದಾರದ ನೆರಳು ಬಿದ್ದ ಗೆರೆಯೇ ಉತ್ತರ ದಕ್ಷಿಣ. ಉಳಿದ ದಿನಕ್ಕೆ ಆ ದಿನದ ಸಂಖ್ಯೆ ಹಾಕಿಕೊಳ್ಳಿ. ಆದರೆ ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಇದನ್ನು ಮಾಡಬೇಡಿ. ಸೂರ್ಯ ನೆತ್ತಿಯ ಹತ್ತಿರ ಇರುವಾಗ ನೆರಳು ಗಿಡ್ಡ, ದಿಕ್ಕೂ ಸರ್ರನೆ ತಿರುಗುತ್ತದೆ. ಅರ್ಧ ನಿಮಿಷ ತಪ್ಪಿದರೂ ಕೆಟ್ಟಿತು.

#18 ಹಳೇ ಶಂಕು

ಗಡಿಯಾರವೇ ಬೇಡದ ದಾರಿ ಇದೆ. ಸೂರ್ಯಸಿದ್ಧಾಂತದ ಮೂರನೇ ಅಧ್ಯಾಯ ಶುರುವಾಗುವುದೇ ಅದರಿಂದ. ಮಟ್ಟಸ ನೆಲದ ಮೇಲೆ ಒಂದು ವೃತ್ತ ಎಳೆಯಿರಿ, ನಡುವೆ 12 ಅಂಗುಲದ ಶಂಕು ನೆಟ್ಟಗೆ ನಿಲ್ಲಿಸಿ. ಗೂಟಗಾರರೇ, ನೀವು ಬಿಸಾಡಬೇಕೆಂದಿದ್ದ ಆ ಕಡ್ಡಿಯನ್ನೇ ತೆಗೆದುಕೊಳ್ಳಿ. ಬೆಳಗ್ಗೆ ನೆರಳಿನ ತುದಿ ಕುಗ್ಗುತ್ತಾ ಬಂದು ವೃತ್ತವನ್ನು ಮುಟ್ಟುವ ಕಡೆ ಒಂದು ಚುಕ್ಕೆ. ಮಧ್ಯಾಹ್ನದ ಮೇಲೆ ತುದಿ ಬೆಳೆಯುತ್ತಾ ಹೋಗಿ ಮತ್ತೆ ಮುಟ್ಟುವ ಕಡೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪಶ್ಚಿಮ ಪೂರ್ವ. ಅದಕ್ಕೆ ಲಂಬ ಎಳೆದರೆ ಉತ್ತರ.

ಬೆಳಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಕ್ರಾಂತಿ ಸ್ವಲ್ಪ ಬದಲಾಗಿರುತ್ತದೆ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ದಿನಕ್ಕೆ 0.4 ಡಿಗ್ರಿ ತನಕ. ಜೂನ್, ಡಿಸೆಂಬರ್ ಕೊನೆಯಲ್ಲಿ ಬಹುತೇಕ ಏನೂ ಇಲ್ಲ. ಹಾಗಾಗಿ ಡಿಸೆಂಬರ್ 21ರ ತನಕ ಕಾದರೆ ಉತ್ತಮ. ಎರಡು ಮೂರು ವೃತ್ತ ಎಳೆದುಕೊಳ್ಳಿ, ಒಂದಕ್ಕೆ ಮೋಡ ಅಡ್ಡ ಬಂದರೆ ಇನ್ನೊಂದು ಸಿಗುತ್ತದೆ.

ಅದೇ ಶಂಕುವಿನಿಂದ ಅಕ್ಷಾಂಶವೂ ಸಿಗುತ್ತದೆ. ಹಗಲು ರಾತ್ರಿ ಸಮ ಇರುವ ದಿನದ ನಡುಹಗಲಿಗೆ 12 ಅಂಗುಲದ ಶಂಕುವಿನ ನೆರಳಿಗೆ ಪಲಭಾ ಅನ್ನುತ್ತಾರೆ. 15 ಡಿಗ್ರಿಯಲ್ಲಿ ಅದು ಸುಮಾರು 3.2 ಅಂಗುಲ. ಹಳೆಯ ಲೆಕ್ಕಗಳಲ್ಲಿ ಊರಿನ ಅಕ್ಷಾಂಶ ಹೇಳಬೇಕಾದರೆ ಈ ನೆರಳಿನ ಅಳತೆಯನ್ನೇ ಹೇಳುತ್ತಿದ್ದರು.

#19 ಗೂಟಗಾರ

ಡಿಸೆಂಬರ್ 21ರ ವರದಿ. ಶಂಕು ಸಾರ್ ವಿಧಾನದಲ್ಲಿ ಮೂರು ವೃತ್ತ ಎಳೆದೆ, ಎರಡು ಸಿಕ್ಕವು. ಎರಡರ ಉತ್ತರಕ್ಕೂ ಅರ್ಧ ಡಿಗ್ರಿ ವ್ಯತ್ಯಾಸ, ನಡುವಿನದನ್ನು ಹಿಡಿದೆ.

ಪಟ್ಟಿಯಲ್ಲಿ ಒಂದು ಎಡವಟ್ಟಾಯಿತು. 31.4 ಸೆಂಟಿಮೀಟರ್ ಪಟ್ಟಿಯನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿದೆ. ಅಂಟಿಸಿ ನೋಡಿದರೆ ನಡುಹಗಲಿಗೆ ಸರಿ, ಸಂಜೆ 5ಕ್ಕೆ 9 ನಿಮಿಷ ತಪ್ಪು, ಬೆಳಗ್ಗೆ ಅಷ್ಟೇ ತಪ್ಪು ಇನ್ನೊಂದು ಕಡೆಗೆ. ಭೂಮಿಯ ಕಕ್ಷೆಯನ್ನೆಲ್ಲಾ ಮತ್ತೆ ಪರಿಶೀಲಿಸಿದೆ! ಕೊನೆಗೆ ಸ್ಕೇಲ್ ಇಟ್ಟು ಅಳೆದರೆ ಪಟ್ಟಿ 30.5 ಇದೆ. ಹಾಳೆಗೆ ಹೊಂದಲಿ ಅಂತ ಪ್ರಿಂಟರ್ ತಾನೇ ನೂರಕ್ಕೆ ಮೂರರಷ್ಟು ಕುಗ್ಗಿಸಿದೆ. ಈಗ ಕೈಯಲ್ಲೇ ಗೆರೆ ಎಳೆದಿದ್ದೇನೆ.

ತಂತಿ 1 ಮಿಲಿಮೀಟರ್ ದಪ್ಪದ್ದು. ನೆರಳು ತೀರಾ ಮಸುಕು, ಕಾಣಿಸುವುದೇ ಇಲ್ಲ. ಯಾಕೆ?

#20 ಆರುಮೂಲೆ ಬೋಲ್ಟ್

ಸೂರ್ಯ ಚುಕ್ಕೆ ಅಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. 10 ಸೆಂಟಿಮೀಟರ್ ದೂರಕ್ಕೆ ನೆರಳಿನ ಅಂಚು ಹತ್ತಿರ ಹತ್ತಿರ 1 ಮಿಲಿಮೀಟರ್ ಮಬ್ಬಾಗುತ್ತದೆ. ನಿಮ್ಮ ತಂತಿಯ ನೆರಳನ್ನು ಆ ಮಬ್ಬೇ ನುಂಗಿದೆ. 2 ಮಿಲಿಮೀಟರ್ ತಂತಿ ಹಾಕಿ, ನೆರಳಿನ ನಡುವನ್ನು ಓದಿ. 2 ನಿಮಿಷಕ್ಕಿಂತ ಸೂಕ್ಷ್ಮವಾಗಿ ಓದುವ ಆಸೆ ಬಿಡಿ. ಸೂರ್ಯ ತನ್ನ ಅಗಲದಷ್ಟು ಸರಿಯಲು ತೆಗೆದುಕೊಳ್ಳುವುದೇ 2 ನಿಮಿಷ.

#21 ಸುಮ್ನೆ ನೋಡ್ತಿರೋಳು

ಹಾಗಾದರೆ ದೊಡ್ಡದಾಗಿ ಕಟ್ಟಿದರೆ? ಜೈಪುರದ ದೊಡ್ಡ ಸೂರ್ಯ ಗಡಿಯಾರ, ಸಾಮ್ರಾಟ್ ಯಂತ್ರ, 27 ಮೀಟರ್ ಎತ್ತರ ಇದೆಯಲ್ಲ, 2 ಸೆಕೆಂಡಿನ ಗೆರೆಗಳಿವೆ ಅಂತ ಓದಿದ್ದೇನೆ.

#22 ಜಾಮಿಟ್ರಿ ಬಾಕ್ಸ್

ಗೆರೆಗಳು ಇರುವುದು ನಿಜ. ಅದರ ಓರೆ ಗೋಡೆ 27 ಡಿಗ್ರಿ ಏರಿದೆ, ಜೈಪುರದ ಅಕ್ಷಾಂಶವೂ ಅಷ್ಟೇ. ನೆರಳು ಬೀಳುವ ಕಮಾನಿನ ತ್ರಿಜ್ಯ ಸುಮಾರು 15 ಮೀಟರ್. ಅಂದರೆ ನೆರಳು ಸೆಕೆಂಡಿಗೆ 1 ಮಿಲಿಮೀಟರ್ ನಡೆಯುತ್ತದೆ, ಕಣ್ಣಿಗೇ ಕಾಣುತ್ತದೆ. ಆದರೆ ದೂರ ಹೆಚ್ಚಿದಷ್ಟೂ ಮಬ್ಬೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, 15 ಮೀಟರಿಗೆ 14 ಸೆಂಟಿಮೀಟರ್. ಸಮಯದ ಲೆಕ್ಕದಲ್ಲಿ ಅದೇ 2 ನಿಮಿಷ! ದೊಡ್ಡದು ಕಟ್ಟಿದರೆ ಮಬ್ಬು ಹೋಗುವುದಿಲ್ಲ. ಮಬ್ಬಿನ ನಟ್ಟನಡುವೆ ಎಲ್ಲಿದೆ ಅಂತ ನಿಧಾನವಾಗಿ ಹುಡುಕಲು ಜಾಗ ಸಿಗುತ್ತದೆ, ಅಷ್ಟು ಲಾಭ.

#23 ಟ್ಯಾನ್_ಇನ್ವರ್ಸ್

ಗೂಟಗಾರರೇ, ಗಂಟೆ ಆಯಿತು, ಈಗ ತಾರೀಕು ಸೇರಿಸಿ. ತಂತಿಯ ನಡುವೆ ಒಂದು ಚಿಕ್ಕ ಮಣಿ ಪೋಣಿಸಿ. ಅದರ ನೆರಳು ಪೈಪಿನ ಉದ್ದಕ್ಕೆ 10 × ಟ್ಯಾನ್(ಕ್ರಾಂತಿ) ಸೆಂಟಿಮೀಟರ್ ಸರಿಯುತ್ತದೆ. ಜೂನ್‌ಗೆ 4.3 ದಕ್ಷಿಣಕ್ಕೆ, ಡಿಸೆಂಬರ್‌ಗೆ 4.3 ಉತ್ತರಕ್ಕೆ. ಇಲ್ಲಿ ಮಾತ್ರ ನೀವು ಮೊದಲ ದಿನ ಕೇಳಿದ ಕ್ರಾಂತಿಯ ಲೆಕ್ಕ ಬೇಕು.

23.45 × ಸೈನ್(360 ÷ 365 × (284 + ದಿನದ ಸಂಖ್ಯೆ)) ಅನ್ನುವ ಸುಲಭ ಸೂತ್ರ ಎಲ್ಲೆಡೆ ಸಿಗುತ್ತದೆ. ಇಲ್ಲಿ ದಿನದ ಸಂಖ್ಯೆ ಎಣಿಸುವುದು ಆ ವರ್ಷದ ಜನವರಿ 1ರಿಂದ. ನವೆಂಬರ್ 3ಕ್ಕೆ ಅದು −15.96 ಕೊಡುತ್ತದೆ, ಸರಿಯಾದದ್ದು −15.22. ಮುಕ್ಕಾಲು ಡಿಗ್ರಿ ತಪ್ಪು, ಪೈಪಿನ ಮೇಲೆ 1.4 ಮಿಲಿಮೀಟರ್. ಆ ಹೊತ್ತಿನಲ್ಲಿ ಎರಡು ಮೂರು ದಿನ ಆಚೆ ಈಚೆ ಆಗುತ್ತದೆ. #9ರಲ್ಲಿ ಕೊಟ್ಟ ದಾರಿಯಲ್ಲೇ ಹಾಕಿ.

#24 ಗೂಟಗಾರ

ಫೆಬ್ರವರಿ 11. ದಪ್ಪ ತಂತಿ ಹಾಕಿದೆ, ಮಣಿ ಪೋಣಿಸಿದೆ. ಪಟ್ಟಿಯನ್ನು ಪಶ್ಚಿಮಕ್ಕೆ 16.7 ಮಿಲಿಮೀಟರ್ ಸರಿಸಿದ್ದೇನೆ. ಬೆಳಗ್ಗೆ 8, 10, ಮಧ್ಯಾಹ್ನ 12, 3, ಸಂಜೆ 5, ಐದು ಸಲ ನೋಡಿದೆ. ಎಲ್ಲೂ 3 ನಿಮಿಷಕ್ಕಿಂತ ಜಾಸ್ತಿ ತಪ್ಪಿಲ್ಲ.

ಒಂದು ವಿಚಿತ್ರ ಕಂಡಿತು. ನಾಲ್ಕು ದಿನದ ಹಿಂದೆ ಮಣಿಯ ನೆರಳು ಸರಿಯಾಗಿ ನವೆಂಬರ್ 3ರ ಗೆರೆಯ ಮೇಲಿತ್ತು, ಉತ್ತರಕ್ಕೆ 2.7 ಸೆಂಟಿಮೀಟರ್. ಕ್ರಾಂತಿ ಎರಡೂ ದಿನ ಒಂದೇ ಇರಬೇಕು ಅಂತ ಗೊತ್ತಾಯಿತು. ಆದರೆ ಪಟ್ಟಿ ಮಾತ್ರ ನವೆಂಬರ್ ಗುರುತಿನಿಂದ 13 ಮಿಲಿಮೀಟರ್ ಆಚೆ ಇದೆ. ಸೂರ್ಯ ಅದೇ ಎತ್ತರದ ದಾರಿಗೆ ಬಂದ, ಹೊತ್ತಿಗೆ ಮಾತ್ರ ಅರ್ಧ ಗಂಟೆ ತಡವಾಗಿ ಬಂದ.

#25 ಹಳೇ ಶಂಕು

ಪಟ್ಟಿಯನ್ನು ತೆಗೆದುಬಿಡಿ. ವಾರಕ್ಕೊಮ್ಮೆ ಮೊಬೈಲಿನ ಸರಿಯಾದ 12:00ಕ್ಕೆ ಮಣಿಯ ನೆರಳು ಬಿದ್ದ ಕಡೆ ಪೈಪಿನ ಮೇಲೆ ಒಂದು ಚುಕ್ಕೆ ಇಡಿ. ಬೇರೇನೂ ಮಾಡಬೇಡಿ. ವರ್ಷ ತುಂಬಿದಾಗ ಇಂಗ್ಲಿಷಿನ 8ರ ಆಕಾರ ಬರುತ್ತದೆ, ಎಂಟೂಮುಕ್ಕಾಲು ಸೆಂಟಿಮೀಟರ್ ಉದ್ದ, 13 ಮಿಲಿಮೀಟರ್ ಅಗಲ. ಒಂದು ಹೊಟ್ಟೆ ದೊಡ್ಡದು, ಒಂದು ಚಿಕ್ಕದು. ನಿಮ್ಮ ನವೆಂಬರ್ ಮತ್ತು ಫೆಬ್ರವರಿ ದೊಡ್ಡ ಹೊಟ್ಟೆಯ ಎರಡು ಬದಿಗಳು.

#26 ಗೂಟಗಾರ

ಪಟ್ಟಿ ತೆಗೆಯುವುದಿಲ್ಲ ಸಾರ್, ಅದರ ಎರಡೂ ಪಕ್ಕ ಖಾಲಿ ಜಾಗ ಇಟ್ಟಿದ್ದೇನೆ. ಪಟ್ಟಿ 3 ಸೆಂಟಿಮೀಟರ್ ಅಗಲ, ಅದರ ಕೆಳಗೆ ಬರುವ ಮಾರ್ಚ್, ಸೆಪ್ಟೆಂಬರ್ ಚುಕ್ಕೆಗಳನ್ನು ಪಟ್ಟಿ ಎತ್ತಿ ಹಾಕುತ್ತೇನೆ. ಮೊದಲ ಚುಕ್ಕೆ ಇವತ್ತೇ ಇಟ್ಟೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೆದಿದ್ದೇನೆ. ಹಳೆಯ ಹಲಗೆ ಇನ್ನೂ ಅಲ್ಲೇ ಇದೆ, ಜೂನ್ 21ಕ್ಕೆ ಅದು ಮತ್ತೆ ಸರಿಯಾದ ಸಮಯ ಹೇಳುತ್ತದಾ ನೋಡಬೇಕು.